ಬೀರು ಹಿಂದಿನ ಗೋಡೆ: ಹಳೇ ಮನೆ ಕೊಂಡ ಹತ್ತು ತಿಂಗಳು

ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ನಾವೊಂದು ಹಳೇ ಮನೆ ಕೊಂಡೆವು. ಮೊದಲು ನೋಡಿದ್ದು 2025ರ ಯುಗಾದಿ ಕಳೆದ ವಾರ. ಹಾಲುಕ್ಕಿಸಿದ್ದು ಕಾರ್ತಿಕದಲ್ಲಿ. ಈಗ ಸಂಕ್ರಾಂತಿಯೂ ಮುಗಿಯಿತು, ಒಂದು ಗೋಡೆಗೆ ಇನ್ನೂ ಬಣ್ಣ ಬಿದ್ದಿಲ್ಲ. ಇಷ್ಟೆಲ್ಲ ಎಳೆದಾಡಿದ್ದಕ್ಕೆ ಮುಖ್ಯ ಕಾರಣ ಬೂಸ್ಟು. ಹಳಸಿದ ಬ್ರೆಡ್ ಮೇಲೆ, ಉಪ್ಪಿನಕಾಯಿ ಜಾಡಿಯಲ್ಲಿ ಬರುತ್ತಲ್ಲ, ಅದೇ. ಮನೆ ತಗೋತೀವಿ ಅಂದಾಗ ಎಲ್ಲರೂ ಬುದ್ಧಿ ಹೇಳಿದರು. ಪತ್ರ ನೋಡಿ, ವಾಸ್ತು ನೋಡಿ, ಕಾವೇರಿ ನೀರು ದಿನಾ ಬರುತ್ತಾ ಕೇಳಿ ಅಂದರು. ಬೀರು ಸರಿಸಿ ಗೋಡೆ ನೋಡಿ ಅಂತ ಒಬ್ಬರೂ ಹೇಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ಹಳೇ ಮನೆಯೇ ಯಾಕೆ ಅಂತ ಕೇಳಬಹುದು. ನಾನು ಶಾಲೆಯಲ್ಲಿ ಟೀಚರ್, ನಮ್ಮನೆಯವರದು ಮಂಡ್ಯದಲ್ಲಿ ಕೆಲಸ, ದಿನಾ ರೈಲಿನಲ್ಲಿ ಓಡಾಟ. ರಿಂಗ್ ರಸ್ತೆಯಾಚೆ ಹೊಸ ಬಡಾವಣೆಗೆ ಹೋದರೆ ಇಬ್ಬರಿಗೂ ದೂರ. ನಮ್ಮ ಬಜೆಟ್ಟಿಗೆ ಊರೊಳಗೆ ಸಿಕ್ಕಿದ್ದು ಇದೊಂದೇ, 20-40 ಸೈಟಿನಲ್ಲಿ 1958ರಲ್ಲಿ ಕಟ್ಟಿದ ಮನೆ. ಮುಂದಿನ ಹಾಲ್ ಮತ್ತು ಎರಡು ರೂಮು ಮದ್ರಾಸ್ ತಾರಸಿ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣ ಹಾಕಿ ಮಾಡಿದ ಹಳೇ ಕಾಲದ ಚಾವಣಿ. ಹಿಂದಿನ ಅಡುಗೆಮನೆ, ಬಚ್ಚಲು, ಇನ್ನೊಂದು ರೂಮು 1984ರಲ್ಲಿ ಸೇರಿಸಿದ ಆರ್‌ಸಿಸಿ. ನೆಲ ಪೂರ್ತಿ ರೆಡ್ ಆಕ್ಸೈಡ್. ಕಾಲಿಟ್ಟ ತಕ್ಷಣ ಪಾದಕ್ಕೆ ತಣ್ಣಗೆ ತಗುಲಿತು, ನಾನು ಅಲ್ಲೇ ಬಿದ್ದುಹೋದೆ. ಅಜ್ಜಿ ಮನೆ ನೆನಪಾಯಿತು. ಮನೆ ಕೊಳ್ಳೋಕೆ ಹೋದಾಗ ಅಜ್ಜಿ ಮನೆ ನೆನಪಾಗಬಾರದು, ಆಗ ಕಣ್ಣು ಕೆಲಸ ಮಾಡಲ್ಲ.

ಮನೆಯಲ್ಲಿ ಇದ್ದವರು ಒಬ್ಬರೇ, ವಯಸ್ಸಾದ ಯಜಮಾನರು. ಅವರ ತಂದೆ ಕಟ್ಟಿಸಿದ ಮನೆ. ಒಳಗೆಲ್ಲ ಹೊಸದಾಗಿ ಕ್ರೀಮ್ ಬಣ್ಣ ಹೊಡೆಸಿದ್ದರು. ನಾವು ಹೋದಾಗಲೆಲ್ಲ ಅಗರಬತ್ತಿಯ ಘಮ. ಬೇಸಿಗೆ, ಕಿಟಕಿಗಳೆಲ್ಲ ತೆರೆದಿದ್ದವು, ಗಾಳಿ ಚೆನ್ನಾಗಿತ್ತು. ಒಂದೇ ಒಂದು ವಿಷಯ. ನಮ್ಮ ಮಗಳಿಗೆ ಒಂಬತ್ತು ವರ್ಷ, ಉಬ್ಬಸ ಇದೆ, ಇನ್‌ಹೇಲರ್ ಸದಾ ಬ್ಯಾಗಲ್ಲಿರುತ್ತೆ. ಹಿಂದಿನ ರೂಮಿಗೆ ಹೋದ ಕೂಡಲೇ ಅವಳು ಸೀನೋಕೆ ಶುರು ಮಾಡಿದಳು. 'ಹೊಸ ಪೇಂಟ್ ವಾಸನೆ ಮೇಡಂ' ಅಂದ ಬ್ರೋಕರ್. ನಾನೂ ಹೌದು ಅಂದುಕೊಂಡೆ. ಎರಡನೇ ಸಲ ಹೋದಾಗಲೂ ಅದೇ ರೂಮು, ಅದೇ ಸೀನು. ಆಗಲೂ ನಮಗೆ ಹೊಳೆಯಲಿಲ್ಲ.

ಮೂರನೇ ಸಲ ಹೋದಾಗ 1 ಲಕ್ಷ ಮುಂಗಡ ಕೊಟ್ಟುಬಿಟ್ಟೆವು. ಫೋನಿಂದಲೇ ಕಳಿಸಿದ್ದು, ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಬೇರೆ ಪಾರ್ಟಿ ಸಂಜೆ ಬರ್ತಿದೆ ಅಂತ ಬ್ರೋಕರ್ ಹೇಳಿದ್ದಕ್ಕೆ ಆದ ಆತುರ ಅದು. ಆ ಸಂಜೆ ಪಾರ್ಟಿ ಎಲ್ಲ ಮನೆಗೂ ಬರುತ್ತೆ, ಎಲ್ಲ ಬ್ರೋಕರ್ ಹತ್ತಿರವೂ ಇರುತ್ತೆ. ನೀವು ಮುಂಗಡ ಕೊಡುವ ಮೊದಲು ಒಂದು ಬಿಳಿ ಹಾಳೆಯಲ್ಲಾದರೂ ಬರೆಸಿಕೊಳ್ಳಿ. ಪತ್ರ ಸರಿ ಇಲ್ಲದಿದ್ದರೆ, ಸೋರಿಕೆ ಅಥವಾ ಥಂಡಿ ಕಂಡುಬಂದು ಮಾತು ಮುರಿದರೆ, ಇಷ್ಟು ದಿನದೊಳಗೆ ಹಣ ವಾಪಸ್ ಅಂತ ಇರಲಿ. ನಾವು ಹಾಗೆ ಮಾಡದೆ ಎರಡು ತಿಂಗಳು ನಿದ್ದೆಗೆಟ್ಟೆವು.

ಮೇ ಮೊದಲ ವಾರ ಭರಣಿ ಮಳೆ ಹಿಡಿಯಿತು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ನಮ್ಮ ಮಂಡ್ಯ ಕಡೆ ಹೇಳುತ್ತಾರೆ. ನಮಗೆ ಗೋಡೆಯಲ್ಲೇ ಬೆಳೆ ಬಂದಿತ್ತು. ರಾತ್ರಿಯೆಲ್ಲ ಸುರಿದು ಬೆಳಿಗ್ಗೆ ನಿಂತಿತು. ಯಾಕೋ ಮನಸ್ಸು ತಡೆಯಲಿಲ್ಲ, 'ರೀ, ಒಂದು ಸಲ ಮನೆ ನೋಡ್ಕೊಂಡು ಬರೋಣ' ಅಂದೆ. ಏಳು ಗಂಟೆಗೇ ಹೋಗಿ ಬಾಗಿಲು ತಟ್ಟಿದೆವು. ಯಜಮಾನರು ಆಗಷ್ಟೇ ಎದ್ದಿದ್ದರು, ಪೂಜೆ ಆಗಿರಲಿಲ್ಲ, ಅಗರಬತ್ತಿ ಹಚ್ಚಿರಲಿಲ್ಲ. ಬಾಗಿಲು ತೆರೆದರೋ ಇಲ್ಲವೋ, ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಒದ್ದೆ ಗೋಣಿಚೀಲ ಮಡಚಿಟ್ಟ ಹಾಗೆ.

ವಾಸನೆ ಮುಚ್ಚೋಕೆ ಅವರು ಅಗರಬತ್ತಿ ಹಚ್ಚುತ್ತಿದ್ದರು ಅಂತ ನಾನು ಒಂದು ವಾರ ನಂಬಿದ್ದೆ. ತಪ್ಪು. ಅದು ಅವರ ದಿನದ ಪೂಜೆ ಅಷ್ಟೇ. ಆ ಮನೆಯಲ್ಲೇ ಅರವತ್ತಕ್ಕೂ ಹೆಚ್ಚು ವರ್ಷ ಕಳೆದವರ ಮೂಗಿಗೆ ಆ ವಾಸನೆ ಗೊತ್ತೇ ಆಗುತ್ತಿರಲಿಲ್ಲ. ಆದರೂ ಹೇಳುತ್ತೇನೆ, ಮನೆ ನೋಡೋಕೆ ಹೇಳಿ ಹೋಗುವುದು ಬೇರೆ, ಮಳೆ ಬಂದ ಮಾರನೇ ದಿನ ಬೆಳಿಗ್ಗೆ ಹೋಗುವುದು ಬೇರೆ. ಮೈಸೂರಿನಲ್ಲಿ ಜೂನ್ ಜುಲೈಗಿಂತ ಮೇ ಮತ್ತು ಅಕ್ಟೋಬರ್‌ನಲ್ಲೇ ಮಳೆ ಜಾಸ್ತಿ. ಆ ಎರಡರಲ್ಲಿ ಒಂದು ತಿಂಗಳಲ್ಲಾದರೂ ಮನೆ ನೋಡಿ. ಫೆಬ್ರವರಿ ಮಾರ್ಚ್‌ನಲ್ಲಿ ಎಂಥ ಮನೆಯೂ ಒಣಗಿ ಚೆಂದ ಕಾಣುತ್ತೆ.

ಹಿಂದಿನ ರೂಮಿನಲ್ಲಿ ಹಳೇ ಕಬ್ಬಿಣದ ಬೀರು. ಗೋಡೆಗೆ ಅಂಟಿಸಿ ನಿಲ್ಲಿಸಿದ್ದರು. ಪೇಂಟ್ ಹೊಡೆದವರು ಅದನ್ನು ಸರಿಸದೆ ಸುತ್ತ ಬಳಿದು ಹೋಗಿದ್ದರು. 'ಸಾರ್, ಇದನ್ನ ಸ್ವಲ್ಪ ಸರಿಸಬಹುದಾ' ಅಂತ ಕೇಳೋಕೆ ನನಗೆ ಎಷ್ಟು ಸಂಕೋಚ ಆಯಿತು ಅಂದರೆ, ಎರಡು ಸಲ ಬಾಯಿ ತೆರೆದು ಮುಚ್ಚಿದೆ. ಕೊನೆಗೆ ನಮ್ಮನೆಯವರು ಕೇಳಿದರು. ಮೂವರೂ ಸೇರಿ ತಳ್ಳಿದೆವು. ಬೀರು ಕಾಲು ನೆಲಕ್ಕೆ ತುಕ್ಕು ಹಿಡಿದು ಕೂತಿತ್ತು, ಕಿರ್ ಅಂತ ಬಂತು. ಹಿಂದೆ ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಕಪ್ಪು ಚುಕ್ಕೆ, ಯಾರೋ ಹಿಡಿ ಎಳ್ಳು ಎರಚಿದ ಹಾಗೆ. ಕೆಳಗೆ ಬರ್ತಾ ಬರ್ತಾ ಚುಕ್ಕೆಗಳು ಸೇರಿ ಹಸಿರುಗಪ್ಪು ಮಚ್ಚೆ. ಬೀರು ಬೆನ್ನಿಗೂ ಬಿಳೀ ನವಿರು. ಅಲ್ಲೊಂದು ಹಳೇ ಕ್ಯಾಲೆಂಡರ್ ಬಿದ್ದಿತ್ತು, ಎತ್ತಿದರೆ ಹಾಳೆಗಳೆಲ್ಲ ಒಂದಕ್ಕೊಂದು ಅಂಟಿ ರೊಟ್ಟಿಯಾಗಿದ್ದವು.

ಯಾರೂ ಮಾತಾಡಲಿಲ್ಲ. ಯಜಮಾನರ ಮುಖ ಸಣ್ಣಗಾಯಿತು. 'ನಮ್ಮಮ್ಮ ಕೊನೇವರೆಗೂ ಇದೇ ರೂಮಲ್ಲಿ ಮಲಗ್ತಿದ್ದರು' ಅಂದರು. ವಾಪಸ್ ಬರುವಾಗ ಸ್ಕೂಟರ್ ಮೇಲೆ ನಾವಿಬ್ಬರೂ ಜಗಳ ಆಡಿದೆವು. ಮುಂಗಡ ಹೋದರೆ ಹೋಗಲಿ, ಬೇಡ ಅಂದರು ಅವರು. ನಾನು ನೋಡೋಣ ಅಂದೆ. ಮನೆಯಲ್ಲಿ ಅತ್ತೆ ಇನ್ನೊಂದು ಹೆದರಿಕೆ ಹಾಕಿದರು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ಜನ ಸತ್ತಿದ್ದು ಮರೆತುಹೋಯಿತಾ, ಅದೂ ಹಳೇದೇ ಅಲ್ವಾ ಅಂತ. ಬ್ರೋಕರ್‌ಗೆ ಫೋನ್ ಮಾಡಿದರೆ ಅವನು ನಗುತ್ತಾ, 'ಹಳೇ ಮನೆ ಅಂದ್ರೆ ಸ್ವಲ್ಪ ಥಂಡಿ ಇದ್ದೇ ಇರುತ್ತೆ ಮೇಡಂ, ಬೇಸಿಗೇಲಿ ಅದೇ ತಂಪು' ಅಂದ. ಆ ಮಾತಿಗೆ ಏನು ಹೇಳೋಣ.

ಆಮೇಲೆ ನಾನು ರಾತ್ರಿ ಕೂತು ಓದಿದ್ದೇ ಓದಿದ್ದು. ಓದಿದಷ್ಟೂ ಭಯ ಜಾಸ್ತಿ. ಬೂಸ್ಟು ಪರೀಕ್ಷೆಗೆ ಲ್ಯಾಬ್ ಇದೆ, ಗಾಳಿಯ ಸ್ಯಾಂಪಲ್ ತಗೊಂಡು ಯಾವ ಜಾತಿ ಅಂತ ಹೇಳುತ್ತಾರೆ ಅಂತ ಗೊತ್ತಾಯಿತು. ಬೆಂಗಳೂರಿನಿಂದ ಬಂದು ಮನೆ ಪೂರ್ತಿ ತಪಾಸಣೆ ಮಾಡುವವರು 14 ಸಾವಿರ ಕೇಳಿದರು, ಲ್ಯಾಬ್ ಖರ್ಚು ಬೇರೆ. ಕೊಡೋಕೆ ತಯಾರಾಗಿದ್ದೆ ಕೂಡ. ಆದರೆ ಅಮೆರಿಕದ ಪರಿಸರ ಸಂಸ್ಥೆ ಇಪಿಎ ಬರೆದಿದ್ದನ್ನು ಓದಿದ ಮೇಲೆ ಬಿಟ್ಟೆ. ಬೂಸ್ಟು ಕಣ್ಣಿಗೇ ಕಾಣುತ್ತಿದ್ದರೆ ಸಾಮಾನ್ಯವಾಗಿ ಸ್ಯಾಂಪಲ್ ಬೇಕಿಲ್ಲ ಅನ್ನುತ್ತಾರೆ ಅವರು. ಇಷ್ಟಿದ್ದರೆ ಪರವಾಗಿಲ್ಲ, ಇಷ್ಟಾದರೆ ಅಪಾಯ ಅನ್ನುವ ಮಿತಿಯನ್ನು ಅವರ ಸರ್ಕಾರ ಇಟ್ಟೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ತಂದ ಮಾರ್ಗಸೂಚಿಯಲ್ಲೂ ಅಂಥ ಲೆಕ್ಕ ಇಲ್ಲ. ತೇವ ಮತ್ತು ಬೂಸ್ಟು ಇರುವ ಮನೆಗೂ ಉಬ್ಬಸಕ್ಕೂ ನಂಟಿದೆ, ತೇವ ಬರದ ಹಾಗೆ ನೋಡಿಕೊಳ್ಳಿ ಅನ್ನುವುದೇ ಅದರ ಸಾರ. ಅಂದಮೇಲೆ ಅದು ಆಸ್ಪರ್ಜಿಲಸ್ಸೋ ಪೆನಿಸಿಲಿಯಮ್ಮೋ ತಗೊಂಡು ನನಗೇನಾಗಬೇಕು? ನೀರು ಎಲ್ಲಿಂದ ಬರ್ತಿದೆ ಅನ್ನುವುದು ಬೇಕಿತ್ತು. ಅದನ್ನು ಲ್ಯಾಬ್ ಹೇಳಲ್ಲ.

ಹೇಳಿದ್ದು ಒಬ್ಬ ಗಾರೆ ಮೇಸ್ತ್ರಿ. ಶ್ರೀರಂಗಪಟ್ಟಣದ ಕಡೆಯವರು, ಅರವತ್ತು ದಾಟಿದೆ, ಸುಣ್ಣದ ಕೆಲಸ ಗೊತ್ತಿರುವವರು. ನಮ್ಮ ಶಾಲೆಯ ಆಯಾ ಅವರ ನೆಂಟರು. ಒಂದು ಸಲ ಬಂದು ನೋಡೋಕೆ 500 ರೂಪಾಯಿ. ಅವರು ಬಂದವರೇ ರೂಮಿಗೆ ಹೋಗಲಿಲ್ಲ. ಮನೆ ಸುತ್ತ ಒಂದು ಸುತ್ತು ಹಾಕಿದರು, ಏಣಿ ಹಾಕಿಕೊಂಡು ತಾರಸಿಗೆ ಹತ್ತಿದರು, ಇಳಿದು ಬಂದು ಬಚ್ಚಲಲ್ಲಿ ನಿಂತು ಗೋಡೆಗೆ ಬೆರಳ ಗೆಣ್ಣಿನಲ್ಲಿ ತಟ್ಟುತ್ತಾ ಹೋದರು. ಕೊನೆಗೆ ಬೀರು ಹಿಂದಿನ ಗೋಡೆ. ನೋಡಿ, 'ಬೂಸ್ಟು ಬಿಡವ್ವ, ಅದು ಒರೆಸಿದರೆ ಹೋಯ್ತದೆ. ಈ ಮನೆ ಮೂರು ಕಡೆಯಿಂದ ನೀರು ಕುಡೀತಾ ಅದೆ' ಅಂದರು.

ಒಂದನೆಯದು ಮೇಲಿಂದ. ಹಳೇ ಮದ್ರಾಸ್ ತಾರಸಿಗೆ ಹೊಸ ಆರ್‌ಸಿಸಿ ಸೇರಿಸಿದ ಕಡೆ ಬಿರುಕು. ಎರಡೂ ಬೇರೆ ಬೇರೆ ಥರ ಹಿಗ್ಗಿ ಕುಗ್ಗುವುದರಿಂದ ಆ ಸಂದು ಕೂಡಿಕೊಂಡು ಇರುವುದೇ ಇಲ್ಲವಂತೆ. ಹಳೇ ಭಾಗದ ತಾರಸಿಯಲ್ಲಿ ಮಾತ್ರ ಅವರಿಗೆ ತಪ್ಪು ಕಾಣಲಿಲ್ಲ. ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆ ನಿಲ್ಲಿಸಿ, ಮೇಲೆ ಇಟ್ಟಿಗೆ ಚೂರು ಸುಣ್ಣ ಹಾಕಿ ಬಡಿದಿರುವ ತಾರಸಿ ಅದು. ಆ ಕಾಲದಲ್ಲಿ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ ಸುಣ್ಣ ಕಲಸುತ್ತಿದ್ದರಂತೆ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಪ್ರತಿ ತೊಲೆಯ ಎರಡೂ ತುದಿಯನ್ನು, ಗೋಡೆಯೊಳಗೆ ಹೋಗುವ ಜಾಗದಲ್ಲಿ, ಚುಚ್ಚಿ ನೋಡಿದರು. ಮರ ಕೊಳೆತಿದ್ದರೆ ಮೊದಲು ಅಲ್ಲೇ ಕೊಳೆಯುವುದು. ಮದ್ರಾಸ್ ತಾರಸಿ ಮನೆ ನೋಡುತ್ತಿರುವವರು ಇದೊಂದನ್ನು ಬಿಡಬೇಡಿ.

ಎರಡನೆಯದು ಕೆಳಗಿಂದ. ಪಶ್ಚಿಮದ ಓಣಿಯಲ್ಲಿ ಯಾವಾಗಲೋ ಕಾಂಕ್ರೀಟ್ ಹಾಕಿಸಿ, ಅದು ಮನೆಯ ಪಾಯದ ಕಲ್ಲಿಗಿಂತ ಮೇಲೆ ಬಂದುಬಿಟ್ಟಿತ್ತು. ಮಳೆ ನೀರು ಗೋಡೆ ಬುಡದಲ್ಲೇ ನಿಂತು, ಬತ್ತಿ ಎಣ್ಣೆ ಎಳೆದ ಹಾಗೆ ಇಟ್ಟಿಗೆ ನೀರೆಳೆಯುತ್ತಿತ್ತು. ಅದರ ಮೇಲೆ ಒಳಗೂ ಹೊರಗೂ ಸಿಮೆಂಟ್ ಪ್ಲಾಸ್ಟರಿಂಗ್, ಪುಟ್ಟಿ, ಪ್ಲಾಸ್ಟಿಕ್ ಎಮಲ್ಷನ್. ಸುಣ್ಣದ ಗೋಡೆ ತಾನಾಗಿ ನೀರು ಬಿಟ್ಟುಕೊಂಡು ಒಣಗುತ್ತೆ. ಸಿಮೆಂಟ್ ಹೊದಿಸಿದರೆ ಒಳಗೇ ಉಳಿಯುತ್ತೆ. 'ಬೆವರ್ತಾ ಇರೋ ಮನುಷ್ಯನಿಗೆ ರೈನ್‌ಕೋಟ್ ಹಾಕ್ದಂಗೆ' ಅಂದರು ಮೇಸ್ತ್ರಿ.

ಆ ಕಡೆ ಗೋಡೆಯ ಬುಡದಲ್ಲಿ ಇದ್ದದ್ದು ಬೂಸ್ಟೇ ಅಲ್ಲ, ಉಪ್ಪು. ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೆ. ಉಪ್ಪು ಬೆರಳಲ್ಲಿ ತಿಕ್ಕಿದರೆ ಹರಳು ಹರಳಾಗಿ ಉದುರುತ್ತೆ, ನೀರು ಹಾಕಿದರೆ ಕರಗುತ್ತೆ. ಬೂಸ್ಟು ಮೆತ್ತಗೆ ಹರಡಿಕೊಳ್ಳುತ್ತೆ. ಕಪ್ಪು ಮಚ್ಚೆ ಬರೀ ಕೊಳೆಯೋ ಬೂಸ್ಟೋ ಅಂತ ಅನುಮಾನ ಇದ್ದರೆ ಬಟ್ಟೆ ಬ್ಲೀಚನ್ನು ನೀರಲ್ಲಿ ತೆಳ್ಳಗೆ ಮಾಡಿ ಒಂದು ಹನಿ ಮುಟ್ಟಿಸಿ. ಬೇಗ ತಿಳಿಯಾದರೆ ಬಹುಪಾಲು ಬೂಸ್ಟು. ಆ ಬ್ಲೀಚನ್ನು ಟಾಯ್ಲೆಟ್ ಆಸಿಡ್ ಜೊತೆ ಮಾತ್ರ ಸೇರಿಸಬೇಡಿ, ವಿಷದ ಗಾಳಿ ಬರುತ್ತೆ.

ಮೂರನೆಯದೇ ಬೀರು ಹಿಂದಿನದು. ಗೋಡೆಯ ಆಚೆ ಬಚ್ಚಲು. ಗೋಡೆಯೊಳಗೆ ನಲವತ್ತು ವರ್ಷದ ಜಿಐ ಪೈಪು, ಅಂದರೆ ಸತು ಲೇಪದ ಕಬ್ಬಿಣದ ಪೈಪು. ಇದು ಅನುಮಾನ ಅಷ್ಟೇ, ಒಡೆದು ನೋಡೋಕೆ ಮನೆ ನಮ್ಮದಲ್ಲವಲ್ಲ. ಮೇಸ್ತ್ರಿ ಒಂದು ಉಪಾಯ ಹೇಳಿದರು. ರಾತ್ರಿ ಮಲಗುವಾಗ ಮೇಲಿನ ಟ್ಯಾಂಕಿಗೆ ನೀರು ಬರುವುದನ್ನು ನಿಲ್ಲಿಸಿ, ಎಲ್ಲ ನಲ್ಲಿ ಮುಚ್ಚಿ, ಟ್ಯಾಂಕಿನ ಒಳಗೆ ನೀರಿನ ಮಟ್ಟಕ್ಕೆ ಗುರುತು ಹಾಕಬೇಕು. ಬೆಳಿಗ್ಗೆ ಒಂದು ತೊಟ್ಟೂ ಬಳಸುವ ಮೊದಲು ನೋಡಬೇಕು. ಇಳಿದಿದ್ದರೆ ಪೈಪು ಸೋರುತ್ತಿದೆ.

ನಾನೂ ಒಂದು ಪರೀಕ್ಷೆ ಓದಿಕೊಂಡಿದ್ದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಬಿಗಿಯಾಗಿ ಅಂಟಿಸಿ ಒಂದು ದಿನ ಬಿಡುವುದು. ಗೋಡೆಯ ಕಡೆ ಹನಿ ಕಟ್ಟಿದರೆ ನೀರು ಗೋಡೆಯೊಳಗಿದೆ. ನಮ್ಮ ಕಡೆ, ಅಂದರೆ ಹೊರಮೈಯಲ್ಲಿ ಕಟ್ಟಿದರೆ ರೂಮಿನ ಗಾಳಿಯದೇ ತೇವ, ಕಿಟಕಿ ತೆರೆದಿಡಿ ಸಾಕು. ಯಜಮಾನರನ್ನು ಕೇಳಿದೆ. ಮೊದಲು ಮುಖ ಗಂಟಿಕ್ಕಿದರು, ಆಮೇಲೆ ಅವರೇ ಸ್ಟೂಲ್ ತಂದು ಟೇಪ್ ಹರಿದುಕೊಟ್ಟರು. ಟ್ಯಾಂಕಿನ ಗುರುತೂ ಅವರೇ ಹಾಕಿಸಿಕೊಂಡರು.

ಮಾರನೇ ದಿನ ಆರೂವರೆಗೆ ಫೋನ್. 'ಅಮ್ಮಾ, ಕವರ್ ಒಳಗಡೆ ನೀರು ಕಟ್ಟಿದೆ. ಟ್ಯಾಂಕಲ್ಲೂ ಎರಡು ಇಂಚು ಇಳಿದಿದೆ. ನಾನು ಏನೂ ಮುಟ್ಟಿಲ್ಲ.' ದನಿಯಲ್ಲಿ ಬೇಜಾರು ಇತ್ತು, ಜೊತೆಗೆ ಕಳ್ಳನನ್ನು ಹಿಡಿದವರ ಖುಷಿಯೂ ಇತ್ತು. ಅವತ್ತಿನಿಂದ ಅವರು ನಮ್ಮ ಕಡೆಯಾದರು. ನಾವೇ ಹೋಗಿ ಗೋಡೆ ಸರಿಯಿಲ್ಲ ಅಂತ ವಾದ ಮಾಡಿದ್ದರೆ ರೇಟು ಇಳಿಸೋಕೆ ನಾಟಕ ಅಂತಲೇ ಅಂದುಕೊಳ್ಳುತ್ತಿದ್ದರು. ಅವರ ಕೈಯಲ್ಲೇ ಪರೀಕ್ಷೆ ಮಾಡಿಸಿದ್ದು ನಾವು ಗೊತ್ತಿಲ್ಲದೆ ಮಾಡಿದ ಒಂದೇ ಜಾಣತನ.

ಈ ನಡುವೆ 1,450 ರೂಪಾಯಿಯ ತೇವದ ಮೀಟರ್ ಒಂದನ್ನು ತರಿಸಿಕೊಂಡಿದ್ದೆ, ಎರಡು ಸೂಜಿ ಇರುವಂಥದ್ದು. ಅದು ಮರಕ್ಕೆ ಲೆಕ್ಕ ಹಾಕಿ ಮಾಡಿರುವ ಮೀಟರ್, ಗೋಡೆಯಲ್ಲಿ ತೋರಿಸುವ ಅಂಕಿ ನಿಜವಾದ ಶೇಕಡಾವಾರು ಅಲ್ಲ. ಉಪ್ಪಿದ್ದ ಕಡೆ ಇನ್ನೂ ಜಾಸ್ತಿ ತೋರಿಸಿ ಹೆದರಿಸುತ್ತೆ. ಒಂದು ಗೋಡೆಗೂ ಇನ್ನೊಂದಕ್ಕೂ ಹೋಲಿಸೋಕೆ ಮಾತ್ರ ಇಟ್ಟುಕೊಳ್ಳಿ. ಮುಂದಿನ ಹಾಲ್‌ನ ಒಣ ಗೋಡೆ 11 ತೋರಿಸಿದರೆ ಬೀರು ಹಿಂದೆ 38. ಗಾಳಿಯ ತೇವ ಅಳೆಯುವ ಸಣ್ಣ ಮೀಟರ್ 380 ರೂಪಾಯಿಗೆ ಸಿಗುತ್ತೆ. ಒಳಗಿನ ತೇವ ಶೇ 60ಕ್ಕಿಂತ ಕೆಳಗಿರಬೇಕು ಅನ್ನುತ್ತಾರೆ. ಆ ರೂಮಲ್ಲಿ ಬಾಗಿಲು ಮುಚ್ಚಿಟ್ಟರೆ 78.

ಅತ್ತೆಯ ಸಮಾಧಾನಕ್ಕೆ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿದೆವು. 6 ಸಾವಿರ. ಗೋಡೆ, ತೊಲೆ ಗಟ್ಟಿಯಿವೆ, ಹಿಂದಿನ ರೂಮಿನ ಸ್ಲ್ಯಾಬಿನಲ್ಲಿ ಒಂದು ಕಡೆ ಕಂಬಿ ತುಕ್ಕು ಹಿಡಿದಿದೆ ಅಂತ ಎರಡು ಪುಟ ಬರೆದುಕೊಟ್ಟರು, ರಿಪೇರಿ ಅಂದಾಜು 3 ಲಕ್ಷ 10 ಸಾವಿರ. ಇಲ್ಲೊಂದು ಮಾತು. ಸಾಲ ಕೊಡುವ ಬ್ಯಾಂಕಿನವರೂ ಎಂಜಿನಿಯರ್ ಕಳಿಸುತ್ತಾರೆ, ಅದಕ್ಕೂ ನಮ್ಮಿಂದಲೇ ಫೀಸು. ಅವರು ನೋಡುವುದು ಮನೆಯ ಬೆಲೆಯನ್ನು, ಥಂಡಿಯನ್ನಲ್ಲ. ನಮ್ಮ ಮನೆಗೆ ಬಂದವರು ಹತ್ತು ನಿಮಿಷದಲ್ಲಿ ಅಳತೆ, ನಾಲ್ಕು ಫೋಟೋ ಮುಗಿಸಿ ಹೋದರು. ಬ್ಯಾಂಕ್ ಒಪ್ಪಿದೆ ಅಂದರೆ ಮನೆ ಚೆನ್ನಾಗಿದೆ ಅಂತ ಅರ್ಥ ಅಲ್ಲ.

ಎರಡು ಪುಟದ ಆ ರಿಪೋರ್ಟ್ ಇಟ್ಟುಕೊಂಡು ಮಾತಿಗೆ ಕೂತೆವು. 76 ಹೇಳಿದ್ದರು, ನಾವು 71 ಅಂದೆವು, 72 ಲಕ್ಷಕ್ಕೆ ನಿಂತಿತು. ಬ್ರೋಕರ್ ಮುಖ ನೋಡೋಕಾಗಲಿಲ್ಲ. ಆಷಾಢ ಹುಟ್ಟುವ ಮೊದಲೇ ಅಗ್ರಿಮೆಂಟ್ ಮಾಡಿಕೊಂಡೆವು. ವಕೀಲರು ಹಾಕಿಸಿದ ಒಂದು ಸಾಲು ತುಂಬ ಸಹಾಯಕ್ಕೆ ಬಂತು. ರಿಪೋರ್ಟಿನಲ್ಲಿರುವ ದೋಷಗಳನ್ನು ಎರಡೂ ಕಡೆಯವರು ಒಪ್ಪಿ ಬೆಲೆ ಇಳಿಸಿದ್ದಾರೆ, ಬಚ್ಚಲ ಪೈಪನ್ನು ಮಾತ್ರ ನೋಂದಣಿಗೆ ಮೊದಲೇ ಬಂದ್ ಮಾಡಿಕೊಡತಕ್ಕದ್ದು ಅಂತ. ಇದರಿಂದ ನೋಂದಣಿ ಆಗುವ ಹೊತ್ತಿಗೆ ಗೋಡೆ ಮೂರು ತಿಂಗಳು ಒಣಗಿತ್ತು.

ಮೂರು ತಿಂಗಳು ಯಾಕೆ ಅಂದರೆ ಕಾಗದ. ಖಾತೆ, ಅಂದರೆ ಪಾಲಿಕೆಯ ಆಸ್ತಿ ದಾಖಲೆ, ಇನ್ನೂ ಯಜಮಾನರ ತೀರಿಕೊಂಡ ತಂದೆಯ ಹೆಸರಿನಲ್ಲೇ ಇತ್ತು. ವಂಶವೃಕ್ಷ, ಮರಣ ಪತ್ರ, ಇಬ್ಬರು ತಂಗಿಯರ ಸಹಿ, ಖಾತೆ ವರ್ಗಾವಣೆ, ಆಮೇಲೆ ಅದರ ಆನ್‌ಲೈನ್ ರೂಪ ಇ-ಖಾತೆ. ಇ-ಖಾತೆ ಇಲ್ಲದೆ ಈಗ ನೋಂದಣಿಯೇ ಆಗಲ್ಲ. ಕಚೇರಿಗೆ ಎಷ್ಟು ಸಲ ಅಲೆದೆವು ಅಂತ ಬರೆದರೆ ಅದೇ ಇನ್ನೊಂದು ಕಥೆ. ನೀವು ಹಳೇ ಮನೆ ನೋಡುತ್ತಿದ್ದರೆ ಮೊದಲ ದಿನವೇ ಖಾತೆ ಯಾರ ಹೆಸರಿನಲ್ಲಿದೆ ಕೇಳಿ, ಇಸಿ (ಆಸ್ತಿ ಮೇಲಿನ ಋಣಭಾರದ ಪತ್ರ) ತೆಗೆಸಿ, ಬೂಸ್ಟಿನ ಪರೀಕ್ಷೆ ಅದರ ಜೊತೆಜೊತೆಗೇ ನಡೆಯಲಿ. ನಾವು ಒಂದಾದ ಮೇಲೆ ಒಂದು ಅಂತ ಮಾಡಿ ಎರಡು ತಿಂಗಳು ಕಳೆದೆವು.

ಅದರ ದಂಡ ಹೇಗೆ ಬಿತ್ತು ನೋಡಿ. ಶ್ರಾವಣದಲ್ಲಿ ನೋಂದಣಿ ಅಂತ ಲೆಕ್ಕ. ಇ-ಖಾತೆ ಕೈಗೆ ಬಂದಿದ್ದು ಗೌರಿ ಹಬ್ಬದ ಹಿಂದಿನ ದಿನ. ಹಬ್ಬ ಮುಗಿಯಲಿ ಅಂದರು ಯಜಮಾನರು. ಪಿತೃಪಕ್ಷಕ್ಕೆ ಮೊದಲು ಅಂತ ಸೆಪ್ಟೆಂಬರ್ 4 ಗೊತ್ತು ಮಾಡಿದೆವು. ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2 ಆಯಿತು. ನಾಲ್ಕು ದಿನದ ವ್ಯತ್ಯಾಸಕ್ಕೆ 72 ಸಾವಿರ ಹೋಯಿತು. ಸೆಸ್ ಸರ್‌ಚಾರ್ಜ್ ಸೇರಿ ಮುದ್ರಾಂಕ ಶುಲ್ಕ 4,03,200, ನೋಂದಣಿ 1,44,000. ನಮ್ಮನೆಯವರು ಅವತ್ತು ಊಟ ಮಾಡಲಿಲ್ಲ. 50 ಲಕ್ಷ ಅಥವಾ ಅದಕ್ಕಿಂತ ಮೇಲಿನ ಆಸ್ತಿಗೆ ಕೊಳ್ಳುವವರೇ ಶೇ 1 ಟಿಡಿಎಸ್ (ಮೂಲದಲ್ಲೇ ಕಡಿಯುವ ಆದಾಯ ತೆರಿಗೆ) ಹಿಡಿದು ಕಟ್ಟಬೇಕು, ಅದು ಮಾರುವವರ ಹಣದಲ್ಲೇ ಕಳೆಯುವುದು. ಇದನ್ನು ಮೊದಲೇ ಹೇಳಿಟ್ಟುಕೊಳ್ಳಿ, ಕೊನೇ ದಿನ ಹೇಳಿದರೆ ಮನಸ್ತಾಪ ಆಗುತ್ತೆ.

ಬೀಗದಕೈ ಸಿಕ್ಕ ಮೇಲೆ ಮೊದಲು ಒರೆಸಿದ್ದು ನಾವೇ. ಬೂಸ್ಟು ಹತ್ತು ಚದರಡಿಗಿಂತ ಕಡಿಮೆಯಿದ್ದರೆ ಮನೆಯವರೇ ತೆಗೆಯಬಹುದು ಅನ್ನುವುದು ಇಪಿಎ ಮಾತು, ನಮ್ಮದು ಸುಮಾರು ಎಂಟು. ಮಗಳನ್ನು ಮಂಡ್ಯಕ್ಕೆ ಕಳಿಸಿ, ಎನ್95 ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೊಂಡು, ಸೋಪಿನ ನೀರಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದೆವು. ಒಣ ಪೊರಕೆ, ಬ್ರಷ್ ಬೇಡ, ಪುಡಿ ಮನೆಯೆಲ್ಲ ಹಾರುತ್ತೆ. ಅಲ್ಲಿದ್ದ ಹಳೇ ಹಾಸಿಗೆ, ರಟ್ಟಿನ ಡಬ್ಬ, ಪ್ಲೈವುಡ್ ಹಲಗೆ ಎಲ್ಲ ಕವರಿಗೆ ತುಂಬಿ ಎಸೆದೆವು. ಅವುಗಳ ಒಳಗೆ ಹೋದ ಬೂಸ್ಟು ಒರೆಸಿದರೆ ಹೋಗಲ್ಲ. ಮೇಲೆ ಪೇಂಟ್ ಹೊಡೆದುಬಿಡಿ, ಬೂಸ್ಟು ತಡೆಯುವ ಪೇಂಟೇ ಇದೆ ಅಂತ ಅಂಗಡಿಯವರು ಹೇಳಿದರು. ಇರಬಹುದು. ಹಿಂದಿನ ಕ್ರೀಮ್ ಬಣ್ಣ ಏನು ಮಾಡಿತು ಅಂತ ನೋಡಿದ್ದೆವಲ್ಲ.

ಆಮೇಲೆ ಮೇಸ್ತ್ರಿ ಕೈಗೆ ಮನೆ ಕೊಟ್ಟೆವು. ಹೊಸ ಸಿಪಿವಿಸಿ (ಪ್ಲಾಸ್ಟಿಕ್) ಪೈಪನ್ನು ಗೋಡೆಯ ಒಳಗೆ ಹಾಕದೆ ಮೇಲೆಯೇ ಹಾಕಿಸಿದೆವು, 48 ಸಾವಿರ. ನೋಡೋಕೆ ಚೆಂದ ಇಲ್ಲ, ಸೋರಿದರೆ ಕಾಣುತ್ತೆ. ತಾರಸಿ ಸಂದು ಮತ್ತು ಸ್ಲ್ಯಾಬಿನ ರಿಪೇರಿಗೆ 1 ಲಕ್ಷ 15 ಸಾವಿರ. ಬಚ್ಚಲು ಒಡೆದು ಮತ್ತೆ ಮಾಡೋಕೆ 85 ಸಾವಿರ. ಪಶ್ಚಿಮದ ಗೋಡೆಗೆ ನಾಲ್ಕಡಿವರೆಗೆ ಸಿಮೆಂಟ್ ಕೆತ್ತಿ ಸುಣ್ಣದ ಗಾರೆ ಹಾಕಿದ್ದು 92 ಸಾವಿರ, ಓಣಿಯ ಕಾಂಕ್ರೀಟ್ ಒಡೆದು ಚರಂಡಿಗೆ ವಾಟ ಕೊಟ್ಟಿದ್ದು 22 ಸಾವಿರ. ಒಟ್ಟು 3 ಲಕ್ಷ 62 ಸಾವಿರ, ಅಂದಾಜಿಗಿಂತ 52 ಸಾವಿರ ಜಾಸ್ತಿ. ಬೆಲೆಯಲ್ಲಿ ಇಳಿಸಿಕೊಂಡ 4 ಲಕ್ಷದಲ್ಲಿ ಅದು ಮುಚ್ಚಿಹೋಯಿತು. ತಿಂಗಳಿಗೆ 16 ಸಾವಿರದಂತೆ ಐದು ತಿಂಗಳು ಹೆಚ್ಚಿಗೆ ಕಟ್ಟಿದ ಬಾಡಿಗೆ ಮುಚ್ಚಿಹೋಗಲಿಲ್ಲ.

ಅಕ್ಟೋಬರ್ ಮಳೆಯಲ್ಲಿ ಮೂರು ರಾತ್ರಿ ಟಾರ್ಚ್ ಹಿಡಿದು ತಾರಸಿಯ ಸಂದು ನೋಡಿದೆವು. ಹನಿ ಬೀಳಲಿಲ್ಲ. ಕಾರ್ತಿಕದಲ್ಲಿ ಹಾಲುಕ್ಕಿಸಿದ ದಿನ ಯಜಮಾನರನ್ನೂ ಕರೆದಿದ್ದೆವು. ಊಟ ಆದ ಮೇಲೆ ಅವರು ಹಿಂದಿನ ರೂಮಿಗೆ ಹೋಗಿ, ಅಂಗೈಯನ್ನು ಗೋಡೆಗೆ ಒತ್ತಿ ಸ್ವಲ್ಪ ಹೊತ್ತು ನಿಂತಿದ್ದರು. 'ಪರವಾಗಿಲ್ಲ ಕಣಮ್ಮ, ಬೆಚ್ಚಗಿದೆ' ಅಂದರು.

ದಪ್ಪ ಗೋಡೆ ಒಂದು ಇಂಚು ಒಣಗೋಕೆ ಸುಮಾರು ಒಂದು ತಿಂಗಳು ಅನ್ನುವುದು ಕೆಲಸದವರ ಲೆಕ್ಕ. ಬೀರು ಹಿಂದಿನ ಜಾಗ ಆ ಸೂಜಿ ಮೀಟರಿನಲ್ಲಿ ಸೆಪ್ಟೆಂಬರ್‌ನಲ್ಲಿ 31 ಇತ್ತು, ನವೆಂಬರ್‌ನಲ್ಲಿ 24, ಮೊನ್ನೆ 17. 12ಕ್ಕೆ ಬರುವವರೆಗೂ ಬಣ್ಣದ ಮಾತೆತ್ತಬೇಡಿ ಅಂದಿದ್ದಾರೆ ಮೇಸ್ತ್ರಿ. ಮಗಳು ಅದೇ ರೂಮಲ್ಲಿ ಕೂತು ಓದುತ್ತಾಳೆ. ಸೀನುತ್ತಾಳೆ ಆಗಾಗ, ಆದರೆ ಈಗ ಅದು ಎಲ್ಲ ರೂಮಲ್ಲೂ ಒಂದೇ ಥರ. ಬೀರುವನ್ನು ಗೋಡೆಯಿಂದ ಒಂದು ಗೇಣು ದೂರ ನಿಲ್ಲಿಸಿದ್ದೇನೆ. ನೋಡೋಕೆ ಚೆನ್ನಾಗಿಲ್ಲ ಅಂತ ಅತ್ತೆ ವಾರಕ್ಕೊಂದು ಸಲ ಹಿಂದಕ್ಕೆ ತಳ್ಳಿಸುತ್ತಾರೆ. ನಾನು ಶಾಲೆಯಿಂದ ಬಂದು ಮತ್ತೆ ಮುಂದಕ್ಕೆ ಎಳೆಯುತ್ತೇನೆ.